ಸೂರಕ್ಕಿಯ ಎದೆಯ ಕಪ್ಪು ಗೆರೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದ ನನಗೆ ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಉರ್ದು ಮಾತಾಡುವ ವಿಧವೆ. ಅವರ ಹಿತ್ತಲಿನ ದಾಳಿಂಬೆ ಗಿಡಕ್ಕೆ ಬೆರಳುದ್ದದ ಹಕ್ಕಿಗಳೆರಡು ಬಂದು ಹೂವಿಗೆ ಕೊಕ್ಕು ಹಾಕುತ್ತಿದ್ದವು.

ಶಾಲೆಯ ಬೀರುವಿನಲ್ಲಿ ನಮ್ಮ ನಾಡಿನ ಹಕ್ಕಿಗಳ ಬಗ್ಗೆ ಒಂದು ಪುಸ್ತಕವಿತ್ತು. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ಕಾಗೆ, ಗುಬ್ಬಿ ಬಿಟ್ಟರೆ ಬೇರೆ ಹಕ್ಕಿಯನ್ನು ನಿಂತು ನೋಡದಿದ್ದ ನಾನು ಅದನ್ನು ಓದಿ ಹಿತ್ತಲಿನ ಕಿಟಕಿ ಬಳಿ ನಿಲ್ಲತೊಡಗಿದೆ. ಹಿತ್ತಲಿನದು ಸೂರಕ್ಕಿ ಎಂದು ಗೊತ್ತಾದದ್ದೂ ಅದರಿಂದಲೇ. ಗಂಡಿಗೆ ಮಿರುಗುವ ಕಪ್ಪು-ನೀಲಿ, ಹೆಣ್ಣಿಗೆ ಹಳದಿ ಹೊಟ್ಟೆ ಎಂದಿತ್ತು. ಆದರೆ ನಮ್ಮಲ್ಲಿ ಬರುತ್ತಿದ್ದ ಎರಡೂ ಹಳದಿ. ಒಂದರ ಕತ್ತಿನಿಂದ ಹೊಟ್ಟೆಯವರೆಗೆ ಮಸಿ ಎಳೆದಂತೆ ಗೆರೆ. ಗೆರೆಯ ಮಾತೇ ಪುಸ್ತಕದಲ್ಲಿರಲಿಲ್ಲ.

ಬೆಂಗಳೂರಿನಲ್ಲಿದ್ದ ಅಣ್ಣನಿಗೆ ಹೇಳಿ ಇನ್ನೊಂದು ಪುಸ್ತಕ ತರಿಸಿದೆ. ಅದರಲ್ಲಿ ಬಣ್ಣದ ಚಿತ್ರಗಳಿದ್ದವು. ಅಚ್ಚಿನಲ್ಲಿ ಬಣ್ಣ ಮಾತ್ರ ಚಿತ್ರದ ಅಂಚು ದಾಟಿ ಪಕ್ಕಕ್ಕೆ ಜರುಗಿತ್ತು. ಹಕ್ಕಿಯ ನೀಲಿ ಎಲೆಗೆ ಬಿದ್ದಿತ್ತು. ಏನೂ ತಿಳಿಯದೆ, ಕ್ಲಾಸಿನಲ್ಲಿ ಸೂರಕ್ಕಿಯ ಮಾತು ಬಂದಾಗ, "ಹಳದಿಯದು ಹೆಣ್ಣು" ಎಂದುಬಿಟ್ಟೆ.

ಮನೆಯಲ್ಲಿ ತೆಲುಗು ಮಾತಾಡುವ ದಿಬ್ಬೂರಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ತೇನೆಪಿಟ್ಟ ತಾನೇ ಟೀಚರ್? ನಮ್ ತೋಟದಾಗೆ ಎರಡೂ ಹಳದಿನೇ. ಹಂಗಾದ್ರೆ ಎರಡೂ ಹೆಣ್ಣಾ?"

ಇಡೀ ಕ್ಲಾಸು ನಕ್ಕಿತು.

ಅಂದು ಸಂಜೆಯೇ ಮೊದಲ ಪುಸ್ತಕದ ಲೇಖಕರಿಗೆ, ಪ್ರಕಾಶಕರ ವಿಳಾಸಕ್ಕೆ, ಗೆರೆಯ ಬಗ್ಗೆ ಕೇಳಿ ಕಾರ್ಡು ಬರೆದೆ. ಮನೆಯೊಡತಿ ಏನೆಂದು ಕೇಳಿದರು. ಹೇಳಿದೆ.

"ಶಕರ್‌ಖೋರಾ ಅಂತೀವಿ ನಾವು ಅದಕ್ಕೆ," ಎಂದರು. "ಗೆರೆ ಇರೋದು ಗಂಡೇ, ಟೀಚರಮ್ಮ. ಬಟ್ಟೆ ಬದಲಾಯಿಸ್ತದೆ ಅಷ್ಟೇ."

"ಪುಸ್ತಕದಲ್ಲಿ ಹಾಗಿಲ್ವಲ್ಲಮ್ಮ?"

"ಪುಸ್ತಕ ಬರೆದೋರು ನಮ್ಮ ಹಿತ್ತಲಿಗೆ ಬಂದಿದ್ರಾ?"

ನಾನು ನಂಬಲಿಲ್ಲ. ಅಚ್ಚಾದದ್ದನ್ನು ಬಿಟ್ಟು ಬಾಯಿಮಾತನ್ನು ಹೇಗೆ ನಂಬುವುದು?

ತಿಂಗಳ ಮೇಲೆ ಉತ್ತರ ಬಂತು. "ತಾಯಿ, ಆ ಹಕ್ಕಿಯನ್ನು ನಾನು ಹತ್ತಿರದಿಂದ ನೋಡಿದವನಲ್ಲ. ಇಂಗ್ಲಿಷ್ ಪುಸ್ತಕಗಳನ್ನು ಓದಿ ಬರೆದೆ. ನೀವು ಕಂಡದ್ದನ್ನು ದಯವಿಟ್ಟು ತಿಳಿಸಿ." ಓದಿ ಸಿಟ್ಟು ಬಂತು. ನೋಡದೆಯೇ ಇಷ್ಟು ಮುದ್ದಾಗಿ ಬರೆದುಬಿಟ್ಟರೇ? ಆದರೆ ಅವರು ಬರೆಯದಿದ್ದರೆ ನಾನು ಕಿಟಕಿ ಬಳಿ ನಿಲ್ಲುತ್ತಿದ್ದೆನೇ? ಯಾರ ಮೇಲೆ ಸಿಟ್ಟಾಗಬೇಕೋ ತೋಚಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗೆರೆಯ ಹಕ್ಕಿಯ ಮೈಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಹುಟ್ಟಿತು. ನೋಡಲು ಕೊಳಕಾಗಿತ್ತು. ಶಿವರಾತ್ರಿ ಹೊತ್ತಿಗೆ ಬಿಸಿಲಿನಲ್ಲಿ ಅದು ಪೂರ್ತಿ ನೀಲಿಯಾಗಿ ಮಿರುಗುತ್ತಿತ್ತು. ಅದೇ ಹಕ್ಕಿಯೋ, ಬೇರೊಂದು ಬಂದಿತೋ ಎಂದು ಆಗಲೂ ಒಂದು ಅನುಮಾನ. ಮನೆಯೊಡತಿ ನಕ್ಕರು.

ಲೇಖಕರಿಗೆ ಎಲ್ಲ ಬರೆದು ಕಳಿಸಿದೆ. ಶಾಲೆಯ ಪುಸ್ತಕದ ಅಂಚಿನಲ್ಲೂ ಪೆನ್ಸಿಲಿನಿಂದ, "ಗಂಡು ಕೆಲವು ತಿಂಗಳು ಹಳದಿ ಇರುತ್ತದೆ" ಎಂದು ಬರೆದೆ. ಹೆಡ್‌ಮಿಸ್ಟ್ರೆಸ್ ಕಣ್ಣಿಗೆ ಬಿತ್ತು.

"ಪುಸ್ತಕದ ಮೇಲೆ ಗೀಚಬೇಡಿ ಅಂತ ಮಕ್ಕಳಿಗೆ ಹೇಳ್ಬೇಕಾದೋರು ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ?"

ಅವರೆದುರಿಗೇ ರಬ್ಬರ್ ಹಾಕಿ ಅಳಿಸಿದೆ. ಅಳಿಸಿದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.