ಲಾಂಛನ ಕಾಯುತ್ತಿದ್ದ ಗಜಾನನರಾಯರು

ಸಿದ್ದರಾಜು ಗಜಾನನರಾಯರನ್ನು ಮೊದಲು ಕಂಡದ್ದು ಕಾಲೇಜಿಗೆ ಸೇರಲು ಮಡಿಕೇರಿಗೆ ಬಂದ ದಿನ. ಮುಖಕ್ಕಿಂತ ಮೊದಲು ಕಂಡದ್ದು ಕಾಲು. ಕಚೇರಿಯ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು, ಅದರ ಮೇಲೆ ಕ್ಯಾನ್ವಾಸ್ ಬೂಟಿನ ಎರಡು ಕಾಲು, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ಮೇಲೆ ನೋಡಿದರೆ, ಕರಿ ಕೋಟು ತೊಟ್ಟ ಸಣಕಲು ಮನುಷ್ಯರೊಬ್ಬರು ಬಾಗಿಲ ನೆತ್ತಿಯ ಬೋರ್ಡಿಗೆ ಅಡಿಕೋಲು ಹಿಡಿದು ಅಳೆಯುತ್ತಿದ್ದರು. ಬೋರ್ಡಿನಲ್ಲಿದ್ದದ್ದು ವಿಶ್ವವಿದ್ಯಾನಿಲಯದ ಲಾಂಛನ: ಕಮಾನಿನ ಕೆಳಗೆ ಉರಿಯುವ ದೀಪ, ಎರಡು ಬದಿಗೆ ಭತ್ತದ ತೆನೆ. ಸೇರಲು ಬಂದ ಹುಡುಗರೂ ಅವರ ಅಪ್ಪಂದಿರೂ ಒದ್ದೆ ಕಂಬಳಿಯಲ್ಲಿ ಜಗಲಿಯುದ್ದಕ್ಕೂ ನಿಂತಿದ್ದರು. ರಾಯರಿಗೆ ಅವರು ಯಾರೂ ಕಂಡಂತಿರಲಿಲ್ಲ.

"ಬೀರಾ, ಎಡಗಡೆ ಒಂದು ನೂಲಿನಷ್ಟು ಇಳಿದಿದೆಯಲ್ಲೋ," ಎಂದರು.

ಸ್ಟೂಲು ಹಿಡಿದಿದ್ದ ಜವಾನ ಬೀರ ತಲೆ ಎತ್ತಲಿಲ್ಲ. "ಅದು ಇಳಿದ್ರೆ ಇಳೀಲಿ ಸ್ವಾಮಿ, ನೀವು ಮೊದ್ಲು ಇಳೀರಿ. ಸ್ಟೂಲಿನ ಕಾಲು ಅಲ್ಲಾಡ್ತಾ ಅದೆ."

ಸಿದ್ದರಾಜುವಿನ ಅಪ್ಪ ಸಣ್ಣಸ್ವಾಮಿ ಕುಶಾಲನಗರದ ಪಕ್ಕದ ಹಳ್ಳಿಯ ರೈತ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅಂದೇ ಮೊದಲು. ಬಾಗಿಲ ಮೇಲೆ ದೀಪ, ಅದರ ಮುಂದೆ ಎತ್ತಿದ ಕೈಯ ಮನುಷ್ಯ. ಸಣ್ಣಸ್ವಾಮಿ ಮೆಟ್ಟು ಕಳಚಿ ಬದಿಗಿಟ್ಟು, ಕಣ್ಣು ಮುಚ್ಚಿ ಕೈಮುಗಿದ.

ರಾಯರು ಆಗ ಮಾತ್ರ ಕೆಳಗೆ ನೋಡಿದರು. "ನೋಡ್ರಯ್ಯಾ, ಓದೋಕೆ ಬಂದ ನಿಮಗಿಲ್ಲದ ಭಕ್ತಿ ಈ ಗೌಡರಿಗಿದೆ."

ಅದು ದೇವರಲ್ಲ ಎಂದು ಅವರು ಹೇಳಲಿಲ್ಲ. ಜಗಲಿಯ ಮೇಲಿದ್ದವರು ನಕ್ಕರು.

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಕೇಳಿದ, "ಅದು ಯಾವ ದೇವ್ರು ಮಗಾ?"

"ದೇವ್ರಲ್ಲ ಕಣಪ್ಪ, ಮಾರ್ಕು. ಎಸ್ಟೇಟಿನೋರು ಕಾಫಿ ಚೀಲಕ್ಕೆ ಹಾಕ್ತಾರಲ್ಲ, ಹಂಗೆ."

ಅಪ್ಪ ಕಿಟಕಿಯಿಂದ ಹಿಂದೆ ತಿರುಗಿ ನೋಡಿದ. "ಹಂಗಾದ್ರೆ ಆವಯ್ಯ ಯಾಕೆ ಬಾಯಿ ಬಿಡ್ಲಿಲ್ಲ?"

ಅದರ ಉತ್ತರ ಸಿದ್ದರಾಜುವಿಗೆ ಬಿ.ಎ. ಮುಗಿಯುವ ಹೊತ್ತಿಗೆ ಚೆನ್ನಾಗಿಯೇ ಹೊಳೆದಿತ್ತು.

ರಾಯರು ಕಾಲೇಜಿನ ಹೆಡ್ ಕ್ಲಾರ್ಕ್. ಅರ್ಚಕರ ಮನೆತನ, ಊರಿನ ದೇವಸ್ಥಾನದ ಪೂಜೆ ಅಣ್ಣನ ಪಾಲಿಗೆ ಹೋಗಿತ್ತು, ಇವರ ಪಾಲಿಗೆ ಬಂದದ್ದು ಲಾಂಛನದ ಕಾಗದವಿಟ್ಟ ಕಚೇರಿಯ ಬೀರುವಿನ ಬೀಗದ ಕೈ. ಗರ್ಭಗುಡಿ ತಪ್ಪಿಹೋದ ಸಂಕಟವನ್ನು ಅವರು ಆ ಬೀರುವಿನ ಮುಂದೆ ಕೂತು ತೀರಿಸಿಕೊಂಡರು. ಲಾಂಛನ ಎಲ್ಲ ಕಡೆ ಒಂದೇ ಆಕಾರದಲ್ಲಿ, ಒಂದೇ ಕಡುನೀಲಿಯಲ್ಲಿ ಇರಬೇಕು, ಸುತ್ತ ಒಂದು ಬೆರಳು ಜಾಗ ಖಾಲಿ ಬಿಡಬೇಕು ಎಂದು ವಿಶ್ವವಿದ್ಯಾನಿಲಯದಿಂದ ಒಮ್ಮೆ ಸೂಚನೆ ಬಂದಿತ್ತು. ಸೂಚನೆಯಲ್ಲಿ ತಪ್ಪೇನಿರಲಿಲ್ಲ. ಓದಿದ ಯಾರಿಗಾದರೂ ಅರ್ಥವಾಗುವ ಮಾತು: ಒಂದು ಸಂಸ್ಥೆಯ ಗುರುತು ದಿನಕ್ಕೊಂದು ಬಗೆ ಆದರೆ ಅದು ಗುರುತಾಗಿ ಉಳಿಯುವುದಿಲ್ಲ. ರಾಯರಿಗೆ ಅರ್ಥ ಬೇಕಿರಲಿಲ್ಲ, ಮಡಿ ಬೇಕಿತ್ತು. ಲಾಂಛನವಿದ್ದ ಕಾಗದವನ್ನು ಎಡಗೈಯಲ್ಲಿ ಹಿಡಿದವನಿಗೆ ಬೈಗಳು. ಅದರ ಹತ್ತಿರ ಚಹಾದ ಲೋಟ ಇಟ್ಟ ಇತಿಹಾಸದ ಮೇಷ್ಟರ ರಜೆ ಅರ್ಜಿ ವಾಪಸು. ಖಾಲಿ ಬಿಡಬೇಕಾದ ಒಂದು ಬೆರಳು ಯಾರ ಬೆರಳು ಎಂದು ಬೀರ ಒಮ್ಮೆ ಕೇಳಿದ್ದಕ್ಕೆ, "ನನ್ನದು," ಎಂದರು. ಅದು ತಮಾಷೆಯಲ್ಲ.

ಇಷ್ಟು ಮಡಿವಂತರ ಕೊಡೆಯ ಮೇಲೆ ಅದೇ ಲಾಂಛನವಿತ್ತು. ಮನೆಯ ಗೇಟಿನ ಮೇಲಿತ್ತು. ಮಗಳು ಮೂಕಾಂಬಿಕೆಯ ಲಗ್ನಪತ್ರಿಕೆಯಲ್ಲಿ ಗಣಪತಿಯ ತಲೆಯ ಮೇಲೇ ಇತ್ತು. ನಿಯಮ ಮಂದಿಗೆ, ಲಾಂಛನ ತನಗೆ. ರಾಯರ ಲೆಕ್ಕ ಅಷ್ಟೇ.

ಸಿದ್ದರಾಜು ಬಿ.ಎ. ಪಾಸಾದ ಬೇಸಗೆಯಲ್ಲಿ ಸೋಮವಾರಪೇಟೆ ಕಡೆಯ ಹೈಸ್ಕೂಲಿನಲ್ಲಿ ಒಂದು ಮೇಷ್ಟರ ಕೆಲಸ ಖಾಲಿಯಾಯಿತು. ಮನೆಯಲ್ಲಿ ಓದಿದವನು ಅವನೊಬ್ಬನೇ. ಅವನನ್ನು ಓದಿಸಲೆಂದು ತಮ್ಮ ದೇವರಾಜು ಶಾಲೆ ಬಿಟ್ಟು ಅಪ್ಪನ ಜೊತೆ ಗದ್ದೆಗೆ ಇಳಿದಿದ್ದ. ಈ ಕೆಲಸ ಸಿಕ್ಕರೆ ತಮ್ಮ ಮತ್ತೆ ಶಾಲೆಗೆ, ಸಿಗದಿದ್ದರೆ ಇಬ್ಬರೂ ಗದ್ದೆಗೆ. ಸಂದರ್ಶನ ಮಡಿಕೇರಿಯಲ್ಲೇ. ಬೇಕಾದದ್ದು ಕಾಲೇಜಿನಿಂದ ಒಂದು ನಡತೆಯ ಸರ್ಟಿಫಿಕೇಟು. ಅದನ್ನು ಕೇಳಲು ಅವನು ಹಿಂದಿನ ದಿನ ರಾಯರ ಮುಂದೆ ನಿಂತ.

"ಲಾಂಛನದ ಕಾಗದ ಇಲ್ಲ," ಎಂದರು ರಾಯರು.

ಬೀರುವಿನಲ್ಲಿ ಹೊಸ ಕಾಗದದ ಕಟ್ಟು ಕಾಣುತ್ತಿತ್ತು. ಪ್ರೆಸ್ಸಿನವರು ಲಾಂಛನದ ನೀಲಿಯನ್ನು ತುಸು ತಿಳಿಯಾಗಿ ಅಚ್ಚು ಹಾಕಿದ್ದರೆಂದು ರಾಯರು ಅದನ್ನು ಮೈಲಿಗೆಯ ಹಾಗೆ ದೂರ ಇಟ್ಟಿದ್ದರು.

"ಬರೀ ಕಾಗದದಲ್ಲೇ ಬರ್ಕೊಡಿ ಸಾರ್. ಪ್ರಿನ್ಸಿಪಾಲರ ಸಹಿ ಇದ್ರೆ ಸಾಕು."

"ಲಾಂಛನ ಇಲ್ಲದ್ದು ಸರ್ಟಿಫಿಕೇಟಾ? ತಾಳಿ ಇಲ್ಲದ ಮದುವೆ ಆಯ್ತದು. ನಿಮ್ಮಪ್ಪನಿಗೆ ಇದ್ದ ಬುದ್ಧಿ ನಿನಗೆ ಬರಲಿಲ್ಲವಲ್ಲ."

ಸಿದ್ದರಾಜು ಜಗಲಿಯಲ್ಲೇ ಕಾದು ನಿಂತ. ಸಂಜೆಯ ಹೊತ್ತಿಗೆ ರಾಯರಿಗೆ ಒಂದು ಉಪಾಯ ಹೊಳೆಯಿತು. ಅವರ ಭಾವಮೈದುನ ತಿರುಮಲೇಶ್ವರ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಲ್ಲಿ ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು, ಮಸಿಯ ಕುಂಚ ಒತ್ತಿ ಮಾರ್ಕು ಹಾಕುವುದನ್ನು ರಾಯರು ಕಂಡಿದ್ದರು. ಹಾಗೇ ಹಿಂದೊಮ್ಮೆ ಒಂದು ತಗಡಿನಲ್ಲಿ ಲಾಂಛನ ಕೊರೆಸಿ, ಚೀಲದ ಮಸಿಯನ್ನೂ ಒಂದು ಡಬ್ಬಿ ತಂದು, ಕಾಲೇಜಿನ ಬೆಂಚು, ಬಕೆಟ್ಟುಗಳಿಗೆ ಒತ್ತಿದ್ದರು. ತಗಡಿನಲ್ಲಿ ಕಮಾನಿನೊಳಗಿನ ತುಂಡು ಉದುರದಿರಲು ನಡುವೆ ಒಂದು ಪಟ್ಟಿ ಉಳಿಸಬೇಕಾಗಿ, ದೀಪದ ನೆತ್ತಿಯಿಂದ ಬುಡಕ್ಕೆ ಗೂಟ ಹೊಡೆದಂತೆ ಕಾಣುತ್ತಿತ್ತು. ಕಡುನೀಲಿ ಹೋಗಿ ಕಪ್ಪಾಗಿತ್ತು. ಅದ್ಯಾವುದೂ ರಾಯರ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅದು ಅವರೇ ಮಾಡಿದ್ದು.

ಟೈಪಾಗಿ, ಸಹಿಯೂ ಆಗಿದ್ದ ಸರ್ಟಿಫಿಕೇಟಿನ ನೆತ್ತಿಗೆ ಅವರು ತಗಡಿಟ್ಟು ಕುಂಚ ಒತ್ತಿದರು. ಗೋಣಿಗೆಂದು ಮಾಡಿದ ಮಸಿ. ಕಾಗದ ಅದನ್ನು ಕುಡಿದು ಹರಡಿತು. ದೀಪದ ಮಸಿ ಸಿದ್ದರಾಜುವಿನ ಹೆಸರಿನ ಮೇಲೆ ಇಳಿಯಿತು. ಸೀಮೆಎಣ್ಣೆಯ ವಾಸನೆ ಕೋಣೆ ತುಂಬಿತು.

"ಒಣಗಿದ ಮೇಲೆ ಸರಿಹೋಗುತ್ತೆ," ಎಂದರು.

ಒಣಗಿದರೂ ಸರಿಹೋಗಲಿಲ್ಲ. ಮರುದಿನ ಸಂದರ್ಶನದ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. ಅವರಿಗೂ ಕಾಫಿ ತೋಟವಿತ್ತು.

"ಯಾವ ಎಸ್ಟೇಟಪ್ಪಾ ನಿಂದು?"

"ಎಸ್ಟೇಟಲ್ಲ ಸಾರ್, ಕಾಲೇಜು."

"ಹಾಗೋ. ನಾನು ಸಿಪ್ಪೆ ಸಮೇತದ ಚೆರ್ರಿ ಕಾಫಿಯೋ, ತೊಳೆದ ಪಾರ್ಚ್‌ಮೆಂಟೋ ಅಂತ ನೋಡ್ತಿದ್ದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ಕೈಮುಗಿದಾಗ ಜಗಲಿಯಲ್ಲಿ ಎದ್ದ ನಗುವೇ ಇದು ಎಂದು ಸಿದ್ದರಾಜುವಿಗೆ ಅನಿಸಿತು. ಅಧಿಕಾರಿ ಕೆಟ್ಟವರಲ್ಲ. "ಹೆಸರೇ ಕಾಣ್ತಾ ಇಲ್ಲ, ಇದನ್ನ ಇಟ್ಕೊಂಡು ಏನ್ ಮಾಡ್ಲಿ? ಸಂಜೆಯೊಳಗೆ ಬೇರೆ ತಾ," ಎಂದರು.

ಪ್ರಿನ್ಸಿಪಾಲ್ ಪೂವಯ್ಯನವರ ಮನೆ ಗಾಳಿಬೀಡಿನ ರಸ್ತೆಯಲ್ಲಿ. ಸಿದ್ದರಾಜು ಓಡಿಕೊಂಡೇ ಹೋದ. ಅವರು ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಕಾಗದ ನೋಡಿ, "ಏನ್ ಮ್ಯಾನ್ ಇದು," ಎಂದರು. ನಡೆದದ್ದನ್ನು ಕೇಳಿದ ಮೇಲೆ ಒಳಗೆ ಹೋಗಿ ಬರೀ ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟರು. ಲಾಂಛನವಿರಲಿಲ್ಲ. ಅಧಿಕಾರಿ ಓದಿ ಫೈಲಿಗೆ ಸೇರಿಸಿದರು, ಲಾಂಛನ ಎಲ್ಲಿ ಎಂದು ಕೇಳಲೂ ಇಲ್ಲ. ಕೆಲಸ ಸಿದ್ದರಾಜುವಿಗೇ ಸಿಕ್ಕಿತು.

ಅಷ್ಟರಲ್ಲಿ 'ಪಾರ್ಚ್‌ಮೆಂಟೋ ಚೆರ್ರಿಯೋ' ಎಂಬ ಮಾತು ಮಡಿಕೇರಿಯ ಹೋಟೆಲುಗಳಲ್ಲೆಲ್ಲ ಓಡಾಡಿತ್ತು. ಪೂವಯ್ಯನವರು ರಾಯರನ್ನು ಕರೆದು, ಹೊಸ ಕಾಗದದ ಕಟ್ಟು ಬಿಚ್ಚಿ ಬಳಸಿ, ಬಕೆಟ್ಟಿನ ಮಸಿ ಕೆರೆಸಿ ಎಂದರು.

"ಲಾಂಛನಕ್ಕೆ ಬೆಲೆ ಇಲ್ಲದ ಕಡೆ ನಾನು ಇರೋದಿಲ್ಲ," ಎಂದು ರಾಯರು ರಾಜೀನಾಮೆ ಕೊಟ್ಟರು. ಕೈಕಾಲು ಹಿಡಿದು ಉಳಿಸಿಕೊಳ್ಳುತ್ತಾರೆ ಎಂದು ನಂಬಿದ್ದರು. ಪೂವಯ್ಯನವರು ಅದನ್ನು ಅಂದೇ ಒಪ್ಪಿಕೊಂಡರು. ರಾಯರು ಬಾಗಿಲು ದಾಟುವಾಗ ಬೀರ ಕೊಡೆ ಎತ್ತಿ ಕೊಟ್ಟು, "ಮಾರ್ಕು ಅದೆ ಸ್ವಾಮಿ, ಕಳೆದುಹೋಗಾಕಿಲ್ಲ," ಎಂದ.

ದೇವರಾಜು ಶಾಲೆಗೆ ಹೋಗುತ್ತಿದ್ದಾನೆ. ಗಜಾನನರಾಯರು ಈಗ ಪಾಲಿಬೆಟ್ಟದಲ್ಲಿ, ಭಾವಮೈದುನನ ಕೈಕೆಳಗೆ, ಎಸ್ಟೇಟಿನ ಗೋಡೌನಿನಲ್ಲಿ ಕಾಫಿ ಚೀಲಗಳಿಗೆ ಮಾರ್ಕು ಹಾಕುತ್ತಾರೆ.