ಓದಿದವರು: ಯಾರೂ ಇಲ್ಲ

ಮೇಷ್ಟ್ರ ಬಲಗೈಯ ತೋರುಬೆರಳು ಎರಡನೇ ಗೆಣ್ಣಿಗೇ ಮುಗಿದುಹೋಗಿತ್ತು. ಉಗುರಿಲ್ಲದ ಆ ತುದಿ ದುಂಡಗೆ, ಕಲ್ಲಿನಷ್ಟು ಗಟ್ಟಿಯಾಗಿತ್ತು. ಆ ಮೋಟು ಬೆರಳಿನಲ್ಲೇ ಅವರು ಕೀಬೋರ್ಡಿನ ಎಂಟರ್ ಗುಂಡಿ ಕುಟ್ಟುತ್ತಿದ್ದರು, ಅದರಲ್ಲೇ ನಮ್ಮ ನೆತ್ತಿಯನ್ನೂ ಕುಟ್ಟುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಅತಿ ಹೆಚ್ಚು ಏಟು ತಿಂದವಳು ನಾನು. ಹೆಣ್ಣುಮಗಳು ಅಂತ ಒಂದು ಏಟೂ ಕಮ್ಮಿ ಮಾಡಲಿಲ್ಲ ಮಹಾರಾಯರು.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಗೊಬ್ಬರದಂಗಡಿಯ ಮಹಡಿಯ ಮೇಲೆ ಅವರ ಕಂಪ್ಯೂಟರ್ ಸೆಂಟರು. ಆರು ಹಳೇ ಕಂಪ್ಯೂಟರು, ಒಂದು ಕಪ್ಪು ಹಲಗೆ, ಕೆಳಗಿನಿಂದ ಮೂಗಿಗೆ ಹೊಡೆಯುವ ಯೂರಿಯಾ ವಾಸನೆ. ನಾನು ಬೆಳಕವಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಡಿಗ್ರಿ ಓದುತ್ತಾ ಪಕ್ಕದಲ್ಲಿ ಪ್ರೋಗ್ರಾಮಿಂಗ್ ಕಲಿಯೋಣ ಅಂತ ಹೋದವಳು, ಏಳು ವರ್ಷ ಆ ಮೆಟ್ಟಿಲು ಬಿಡಲಿಲ್ಲ.

ಬೆರಳಿನ ಕಥೆಯನ್ನು ಪ್ರತಿ ಬ್ಯಾಚಿಗೂ ಮೊದಲ ದಿನವೇ ಹೇಳುತ್ತಿದ್ದರು. ಅವರಪ್ಪನದು ಆಲೆಮನೆ. ಹದಿನೆಂಟರ ವಯಸ್ಸಿನಲ್ಲಿ ಗಾಣಕ್ಕೆ ಕಬ್ಬಿನ ಜಲ್ಲೆ ಕೊಡುತ್ತಾ ಯಾರದೋ ಮಾತಿಗೆ ತಿರುಗಿ ನಕ್ಕರಂತೆ. ಜಲ್ಲೆಯ ಹಿಂದೆಯೇ ಬೆರಳೂ ಹೋಯಿತು. ಆ ದಿನದ ಕೊಪ್ಪರಿಗೆಯಲ್ಲಿ ತಮ್ಮ ರಕ್ತವೂ ಬೆಂದಿತು ಅಂತ ಹೇಳುವಾಗ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಅವರು ಬೆರಳನ್ನು ಎಲ್ಲರ ಮುಖದ ಮುಂದೆಯೂ ಒಂದೊಂದು ಸಲ ಹಿಡಿದು, ಆಮೇಲೆ ಪಾಠ ಶುರು ಮಾಡುತ್ತಿದ್ದರು.

“ಯಂತ್ರಕ್ಕೆ ಬೆರಳಿಗೂ ಜಲ್ಲೆಗೂ ಫರಕ್ಕು ಗೊತ್ತಿಲ್ಲ ಕಣ್ರಪ್ಪಾ. ನೋಡ್ಬೇಕಾದೋನು ಕೊಡೋನು.”

ಅವರ ಪದ್ಧತಿ ಒಂದೇ. ಪ್ರೋಗ್ರಾಮು ಕೆಟ್ಟು ಪರದೆಯ ಮೇಲೆ ಕೆಂಪು ಅಕ್ಷರ ಬಂದರೆ, ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ, ಒಂದಕ್ಷರ ಬಿಡದೆ. ಓದದೆ “ಏನೋ ಎರರ್ ಬಂತು ಮೇಷ್ಟ್ರೆ” ಅಂದವರ ನೆತ್ತಿಗೆ ಮೋಟು ಬೆರಳು ಬೀಳುತ್ತಿತ್ತು. ಓದುತ್ತಾ ಓದುತ್ತಾ ಅರ್ಧ ಜನಕ್ಕೆ ತಮ್ಮ ತಪ್ಪು ತಮಗೇ ಸಿಕ್ಕಿಬಿಡುತ್ತಿತ್ತು. ಸಿಕ್ಕವರಿಗೂ ಒಂದು ಏಟು ಇತ್ತು, ಮೊದಲೇ ಯಾಕೆ ಓದಲಿಲ್ಲ ಅಂತ.

ಕೋಪ ಅಂದರೆ ಅಂತಿಂಥಾ ಕೋಪವಲ್ಲ. ಎಲ್ಲಿಂದಲೋ ನಕಲು ಹೊಡೆದು ತಂದ ಪ್ರೋಗ್ರಾಮು ಕಂಡರೆ ಮೌಸನ್ನು ಬಾಲ ಹಿಡಿದು ಗೋಡೆಗೆ ಬೀಸುತ್ತಿದ್ದರು. ಅರ್ಧ ಪದ ಹೊಡೆದರೆ ಮಿಕ್ಕದ್ದನ್ನು ತಾನೇ ತುಂಬಿಕೊಡುವ ಎಡಿಟರುಗಳನ್ನು ಸೆಂಟರಿನ ಒಳಕ್ಕೇ ಬಿಡಲಿಲ್ಲ. ಹೀಗಾಗಿ, ಕೇಳಿದ್ದನ್ನೆಲ್ಲ ಬರೆದುಕೊಡುವ ಎಐ ಬಂದಾಗ ಇವರು ಕಂಪ್ಯೂಟರನ್ನೇ ಒಡೆದುಹಾಕುತ್ತಾರೆ ಅಂತ ನಾವು ಕಾದಿದ್ದೆವು. ಒಡೆಯಲಿಲ್ಲ. ಮೂರು ದಿನ ಅದರ ಮುಂದೆ ಕೂತು, ಜಗಳ ಆಡಿ, ಎದ್ದು ಬಂದು ತೀರ್ಪು ಕೊಟ್ಟರು. “ಬಲು ಬುದ್ಧಿವಂತ ಕಣಮ್ಮ ಇದು. ಆದ್ರೆ ನಾಚ್ಕೆ ಇಲ್ಲ. ಸರಿ ಹೇಳ್ದಾಗ್ಲೂ ಅದೇ ಮುಖ, ತಪ್ಪು ಹೇಳ್ದಾಗ್ಲೂ ಅದೇ ಮುಖ.”

ದೊಡ್ಡ ದೊಡ್ಡ ಕಂಪನಿಗಳ ಮೇಲಂತೂ ಹಲ್ಲು ಕಡಿಯುತ್ತಿದ್ದರು. ಅವರ ಲೆಕ್ಕದಲ್ಲಿ ಫೋನು ಹಿಡಿದ ನಾವು ಗಿರಾಕಿಗಳಲ್ಲ, ಕಬ್ಬು. ನಮ್ಮ ಕೋಪವೇ ಕಬ್ಬಿನ ಹಾಲು. ಅದನ್ನು ಹಿಂಡಿಕೊಂಡು ಬೆಲ್ಲ ಮಾಡಿ ಮಾರುತ್ತಾರೆ, ಸಿಪ್ಪೆ ನಮ್ಮ ಬೀದಿಯಲ್ಲೇ ಬಿದ್ದಿರುತ್ತದೆ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಮಗೆ ಅದೆಲ್ಲ ಹಳೇ ಕಾಲದವರ ಗೊಣಗಾಟ.

ಒಂದು ಸಲ ನಮ್ಮ ಬ್ಯಾಚಿನ ಇಬ್ಬರು, ಪೈಥಾನ್ ಹೆಚ್ಚೋ ಜಾವಾ ಹೆಚ್ಚೋ ಅಂತ ಆನ್‌ಲೈನಿನಲ್ಲಿ ಕಿತ್ತಾಡಿ ಅಮ್ಮ ಅಕ್ಕನವರೆಗೂ ಹೋಗಿದ್ದರು. ಮೇಷ್ಟ್ರಿಗೆ ಗೊತ್ತಾಯಿತು. ಇಬ್ಬರನ್ನೂ ಹಲಗೆಯ ಮುಂದೆ ಮುಖಾಮುಖಿ ನಿಲ್ಲಿಸಿ, ಬರೆದ ಕಾಮೆಂಟನ್ನು ಒಬ್ಬರ ಮುಖಕ್ಕೆ ಒಬ್ಬರು ಗಟ್ಟಿಯಾಗಿ ಓದಬೇಕು ಅಂದರು. ಎರಡನೇ ಸಾಲಿಗೇ ಒಬ್ಬನ ದನಿ ನಿಂತುಹೋಯಿತು. ಇನ್ನೊಬ್ಬ, ಆಗಲೇ ಕೋಳಿ ಅಂಗಡಿ ನಡೆಸುತ್ತಿದ್ದ ಒರಟ, ಮೂರನೇ ಸಾಲಿಗೆ ಬಂದು, ಓದುವ ಬದಲು ಕಪಾಳಕ್ಕೆ ಬಾರಿಸಿಯೇ ಬಿಟ್ಟ. ಮೂಗಿನಿಂದ ರಕ್ತ ಬಂತು. ಮೇಷ್ಟ್ರು ಇಬ್ಬರಿಗೂ ತಾವೇ ನಾಲ್ಕು ಬಿಟ್ಟು, ರಕ್ತ ಒರೆಸಿ, ಟೀ ಕುಡಿಸಿ ಕಳಿಸಿದರು. ಕೋಳಿ ಅಂಗಡಿಯವನನ್ನು ನೆನಪಿಟ್ಟುಕೊಳ್ಳಿ, ಅವನು ಮತ್ತೆ ಬರುತ್ತಾನೆ.

ಈಗ ನನ್ನ ವಿಷಯಕ್ಕೆ ಬರಲೇಬೇಕು. ಶಿವನಸಮುದ್ರದ ಕಡೆಯ ಹೊಳೆದಂಡೆಯ ಊರುಗಳಿಗೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸುದ್ದಿ ಮುಟ್ಟುವುದು ತಡವಾಗುತ್ತಿತ್ತು. ಒಂದು ವರ್ಷ ಬಟ್ಟೆ ಒಗೆಯುತ್ತಿದ್ದ ನಮ್ಮ ಚಿಕ್ಕಮ್ಮನೇ ಕೊಚ್ಚಿಹೋಗುವುದರಲ್ಲಿದ್ದರು. ಆ ಹಟಕ್ಕೆ ನಾನೊಂದು ಪ್ರೋಗ್ರಾಮು ಬರೆದೆ. ಊರಿಗೊಂದರಂತೆ ನಲವತ್ತೊಂದು ಫೋನ್ ಗ್ರೂಪು. ಯಾವುದೇ ಒಂದು ಗ್ರೂಪಿಗೆ ಯಾರಾದರೂ “ಹುಷಾರು” ಅನ್ನುವ ಪದ ಇರುವ ಮೆಸೇಜು ಹಾಕಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಎಲ್ಲಾ ಗ್ರೂಪಿಗೂ ಹೋಗುತ್ತಿತ್ತು. ನಮ್ಮ ಕಡೆಯವರು ಹೊಳೆಯ ವಿಚಾರ ಬರೆದರೆ ಹುಷಾರು ಅನ್ನದೆ ಮುಗಿಸುವುದಿಲ್ಲ, ಅದಕ್ಕೇ ಆ ಪದ. ಎರಡು ಮಳೆಗಾಲ ಅದು ಚೆನ್ನಾಗಿ ಕೆಲಸ ಮಾಡಿತು. ಊರಲ್ಲಿ ನನಗೆ ಹೆಸರು ಬಂತು, ತಲೆಯೂ ತಿರುಗಿತು.

ಮೇಷ್ಟ್ರಿಗೆ ತೋರಿಸಲು ಓಡಿದೆ. ಅವರು ಕನ್ನಡಕ ಮೇಲೆತ್ತಿ ಪೂರ್ತಿ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ಕಳಿಸುವ ಮುಂಚೆ ಇದನ್ನು ಯಾರು ಓದುತ್ತಾರೆ ಅಂತ. ಯಾರೂ ಓದಬೇಕಿಲ್ಲ, ಮಿಷಿನ್ನೇ ನೋಡಿಕೊಳ್ಳುತ್ತದೆ, ಓದುತ್ತಾ ಕೂತರೆ ಜನ ಕೊಚ್ಚಿಹೋಗುತ್ತಾರೆ ಅಂದೆ. ಅವರ ಕೀಬೋರ್ಡು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದು ಹಲ್ಲು ಉದುರಿಸಿಕೊಂಡಿತು. ಅರ್ಧ ನಿಮಿಷ ಓದಿದರೆ ಹೊಳೆ ಯಾರನ್ನೂ ನುಂಗುವುದಿಲ್ಲ, ಒಬ್ಬ ಮನುಷ್ಯನನ್ನು ನಡುವೆ ಕೂರಿಸು, ಕೂರಿಸಿ ಅವನ ಹೆಸರು ದಾಖಲೆಯಲ್ಲಿ ಬರೆ ಅಂತ ಕಿರುಚಿದರು.

ನನಗೂ ಮೂಗಿನ ತುದಿಯಲ್ಲೇ ಕೋಪ. ಮನೆಗೆ ಬಂದು ಬೇಕಂತಲೇ ಒಂದು ಸಾಲು ಸೇರಿಸಿದೆ. ಕಳಿಸಿದ ಪ್ರತಿ ಮೆಸೇಜಿನ ದಾಖಲೆಯ ಕೊನೆಗೆ ಅದು ತಾನೇ ಬರೆದುಕೊಳ್ಳುತ್ತಿತ್ತು: “ಓದಿದವರು: ಯಾರೂ ಇಲ್ಲ.” ಅದರ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿ, ತಗೊಳ್ಳಿ, ನೀವು ಕೇಳಿದ ದಾಖಲೆ ಅಂದೆ. ನಾನು ಐದು ತಿಂಗಳು ಸೆಂಟರಿನ ಕಡೆ ತಲೆ ಹಾಕಲಿಲ್ಲ.

ಆಮೇಲಿನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಯಾರೋ ಒಬ್ಬರು ಒಂದು ಗ್ರೂಪಿಗೆ ಎಲ್ಲಿಂದಲೋ ಬಂದ ಮೆಸೇಜು ಹಾಕಿದರು. “ಹುಷಾರು. ಮಕ್ಕಳ ಕಳ್ಳರು ನಮ್ಮ ತಾಲ್ಲೂಕಿಗೆ ಬಂದವ್ರೆ” ಅಂತ ಶುರುವಾಗುವ ಉದ್ದನೆಯ ಮೆಸೇಜು. ಫೋನಿನಲ್ಲಿ ಮೊದಲ ಎರಡು ಸಾಲು ಕಾಣುತ್ತದೆ, ಮಿಕ್ಕದ್ದು ಒತ್ತಿದರೆ ತೆರೆಯುತ್ತದೆ. ನನ್ನ ಪ್ರೋಗ್ರಾಮು ಹುಷಾರು ಕಂಡಿತು, ನಲವತ್ತೊಂದು ಊರಿಗೆ ಎಸೆಯಿತು. ನಾನು ಆಗ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ.

ಬೆಳಕವಾಡಿ ರಸ್ತೆಯ ಒಂದು ಊರಿನಲ್ಲಿ ಅದೇ ಹೊತ್ತಿಗೆ ಒಬ್ಬ ಕುಕ್ಕರ್ ರಿಪೇರಿಯವನು ಸೈಕಲ್ ನಿಲ್ಲಿಸಿಕೊಂಡು ಕೂತಿದ್ದ. ಮದ್ದೂರಿನ ಕಡೆಯವನು. ಆಟಕ್ಕೆ ಇರಲಿ ಅಂತ ಒಂದು ಪುಟ್ಟ ಮಗುವಿಗೆ ಹಳೇ ಕುಕ್ಕರ್ ವಿಶಲ್ ಕೊಟ್ಟಿದ್ದ. ಮಗು ಊದುತ್ತಾ ಅವನ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿತ್ತು. ಅಷ್ಟೇ.

ಮುಂದಿನದನ್ನು ನಾನು ನೋಡಿದ್ದು ಕೋಳಿ ಅಂಗಡಿಯವನ ಫೋನಿನ ವಿಡಿಯೋದಲ್ಲಿ. ಅದು ಅವನೂರೇ. ಅವನು ಹೊಡೆಯುವವರ ಗುಂಪಿನಲ್ಲಿ ನಿಂತೇ ವಿಡಿಯೋ ಮಾಡುತ್ತಿದ್ದ. ಲೈಟು ಕಂಬಕ್ಕೆ ಆ ಮನುಷ್ಯನನ್ನು ಹಗ್ಗದಲ್ಲಿ ಬಿಗಿದಿದ್ದಾರೆ. ಮೊದಲು ಕಬ್ಬಿನ ಜಲ್ಲೆ, ಅದು ಮುರಿದ ಮೇಲೆ ಗುದ್ದಲಿಯ ಕಾವು, ಆಮೇಲೆ ಅವನದೇ ಚೀಲದಿಂದ ತೆಗೆದ ಸ್ಟವ್ವಿನ ಬರ್ನರು. ಪ್ರತಿ ಏಟಿಗೂ ಅವನು ತನ್ನ ಊರಿನ ಹೆಸರು ಹೇಳುತ್ತಾನೆ. ಒಂದು ಹೊತ್ತಿನ ಮೇಲೆ ಬಾಯಿಂದ ಹೆಸರು ಬರುವುದಿಲ್ಲ, ರಕ್ತ ಬರುತ್ತದೆ. ಒಂದು ಕಿವಿ ಹರಿದು ಜೋತುಬಿದ್ದಿದೆ.

ಅಷ್ಟರಲ್ಲಿ ಮೊಪೆಡ್ಡಿನ ಸದ್ದು. ನಮ್ಮ ಮೇಷ್ಟ್ರು. ಅವರ ಮನೆ ಅದೇ ರಸ್ತೆಯಲ್ಲಿ. ಗಾಡಿಯನ್ನು ನಿಲ್ಲಿಸಲೂ ಇಲ್ಲ, ಬೀಳಲು ಬಿಟ್ಟು ಜನರ ನಡುವೆ ನುಗ್ಗಿದರು. ಕಂಬವನ್ನೂ ಆ ಮನುಷ್ಯನನ್ನೂ ಸೇರಿಸಿ ತಬ್ಬಿಕೊಂಡು ನಿಂತರು. ಗುದ್ದಲಿ ಕಾವು ಅವರ ಬೆನ್ನಿಗೆ ಬಿತ್ತು, ಹೆಗಲಿಗೆ ಬಿತ್ತು. ಮೂರನೆಯದು ತಲೆಗೆ. ಅರವತ್ತೆರಡು ವರ್ಷದ ಮನುಷ್ಯ, ಬೀಳಲಿಲ್ಲ. ರಕ್ತ ಇಳಿಯುವ ಮುಖ ತಿರುಗಿಸಿ, ಫೋನು ಹಿಡಿದ ಕೋಳಿ ಅಂಗಡಿಯವನನ್ನು ಗುರುತಿಸಿದರು. ಮೋಟು ಬೆರಳು ಅವನ ಕಡೆ ಎದ್ದಿತು.

“ಲೇ, ಎದ್ ನಿಂತ್ಕೊಂಡು ಓದ್ಲಾ ಆ ಮೆಸೇಜ್ನ. ಗಟ್ಯಾಗಿ. ಕೊನೇಗಂಟ.”

ಅವನು ನಿಂತೇ ಇದ್ದ. ಆದರೂ ಆ ದನಿ ಕೇಳಿ ಇನ್ನೂ ನೆಟ್ಟಗಾದ. ಸೆಂಟರಿನ ಅಭ್ಯಾಸ. ವಿಡಿಯೋ ಅಲ್ಲಿಗೆ ನೆಲ ತೋರಿಸುತ್ತದೆ, ದನಿ ಮಾತ್ರ ಕೇಳುತ್ತದೆ. ಅವನು ಓದುತ್ತಾನೆ. ಹುಷಾರು, ಮಕ್ಕಳ ಕಳ್ಳರು ಬಂದವ್ರೆ. ಮುಂದೆ ಓದ್ಲಾ ಅನ್ನುತ್ತಾರೆ ಮೇಷ್ಟ್ರು. ಅವನು ಒತ್ತಿ ಮಿಕ್ಕದ್ದನ್ನು ತೆರೆಯುತ್ತಾನೆ. ಬಿಳೀ ವ್ಯಾನಿನಲ್ಲಿ ಬರುತ್ತಾರೆ. ಮೂರು ಜನ ಹೆಂಗಸರು. ಗಂಡಸರು ಯಾರೂ ಇರುವುದಿಲ್ಲ. ಅವನ ಓದು ಅಲ್ಲಿಗೆ ನಿಂತಿತು. ಜನರ ಗಲಾಟೆಯೂ ನಿಂತಿತು. ಕಂಬದಲ್ಲಿ ಇದ್ದದ್ದು ಒಬ್ಬ ಗಂಡಸು, ಪಕ್ಕದಲ್ಲಿ ಒಂದು ಸೈಕಲ್ಲು. ಯಾರೋ ಹಗ್ಗ ಬಿಚ್ಚಿದರು. ಹಗ್ಗ ಸಡಿಲವಾದಾಗ ಇಬ್ಬರೂ ಒಟ್ಟಿಗೇ ನೆಲಕ್ಕೆ ಬಿದ್ದರು.

ಮಂಡ್ಯದ ಆಸ್ಪತ್ರೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮಂಚ. ಮೂರನೇ ದಿನ ನಾನು ಹೋದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಮೊದಲು ಮೆಸೇಜು ಹಾಕಿದವನನ್ನು ಪೊಲೀಸರು ಹಿಡಿದಿದ್ದರು. ನಲವತ್ತೊಂದು ಊರಿಗೂ ಹಂಚಿದವನು ತಾನೇ ಅಂತ ಅವನ ಬಾಯಲ್ಲಿ ಹೇಳಿಸಲು ನೋಡುತ್ತಿದ್ದರು. ಊರಿನವರು ಬಾಯಿ ಬಿಡದೆ ನನ್ನ ಹೆಸರು ಇನ್ನೂ ಪೊಲೀಸರಿಗೆ ಮುಟ್ಟಿರಲಿಲ್ಲ. ದಾಖಲೆ ಇದ್ದದ್ದು ನನ್ನೊಬ್ಬಳ ಹತ್ತಿರ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಅಳಿಸುವುದಕ್ಕೇ ಕೂತಿದ್ದೆ.

ಒಳಗಿಂದ ಮೇಷ್ಟ್ರು ನನ್ನ ಹೆಸರು ಹಿಡಿದು ಕರೆದರು. ನಾನು ಕೆಮ್ಮಿದ್ದು ಕೇಳಿಸಿತ್ತಂತೆ. ತಲೆಯೆಲ್ಲ ಬ್ಯಾಂಡೇಜು, ಒಂದು ಕಣ್ಣು ಮುಚ್ಚಿಹೋಗಿತ್ತು. ಪಕ್ಕದ ಮಂಚದಲ್ಲಿ ಕುಕ್ಕರ್ ರಿಪೇರಿಯವನು, ಅವನ ಕಾಲ ಬಳಿ ಅವನ ಹೆಂಡತಿ. ನಾನು ಮೇಷ್ಟ್ರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಎಳೆದುಕೊಂಡರು. ಆ ದಾಖಲೆ ಇದೆಯೋ ಅಳಿಸಿದೆಯೋ ಅಂತ ಕೇಳಿದರು. ಐತೆ ಮೇಷ್ಟ್ರೆ ಅಂದೆ.

“ಎದ್ ನಿಂತ್ಕೊ. ಓದು. ನಂಗಲ್ಲ, ಅವ್ರಿಗೆ ಓದು.”

ಓದಿದೆ. ಹನ್ನೊಂದು ಗಂಟೆ ಎರಡು ನಿಮಿಷ. ಸಿಕ್ಕ ಪದ, ಹುಷಾರು. ಕಳಿಸಿದ ಊರು, ಬೆಳಕವಾಡಿ. ಓದಿದವರು, ಯಾರೂ ಇಲ್ಲ. ಮುಂದಿನ ಸಾಲು, ಮುಂದಿನ ಊರು, ಓದಿದವರು ಯಾರೂ ಇಲ್ಲ. ಹತ್ತನೇ ಸಾಲಿಗೆ ನಿಲ್ಲಿಸಿದೆ. ಮೇಷ್ಟ್ರು ಮೋಟು ಬೆರಳಿನಿಂದ ಮಂಚದ ಕಬ್ಬಿಣ ಕುಟ್ಟಿದರು. ಮತ್ತೆ ಓದಿದೆ. ಅವರನ್ನು ಗೇಲಿ ಮಾಡಲು ನಾನೇ ಬರೆದ ಸಾಲನ್ನು ನಲವತ್ತೊಂದು ಸಲ ಓದಿದೆ. ಆ ಹೆಂಗಸು ಮೊದಮೊದಲು ಅರ್ಥವಾಗದೆ ನೋಡುತ್ತಿದ್ದಳು. ಆಮೇಲೆ ಅರ್ಥವಾಯಿತು. ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಎರಡು ಸಲ. ಮೇಷ್ಟ್ರು ತಡೆಯಲಿಲ್ಲ, ನಾನೂ ಕೈ ಅಡ್ಡ ಹಿಡಿಯಲಿಲ್ಲ. ಅವಳ ಗಂಡ ಮಾತ್ರ, “ಬುಡಮ್ಮಿ, ಅವ್ಳಾದ್ರೂ ಓದಿದ್ಳಲ್ಲ” ಅಂದ.

ಅಲ್ಲಿಂದ ನೇರ ಠಾಣೆಗೆ ಹೋಗಿ ದಾಖಲೆಯನ್ನೂ ನನ್ನ ಹೆಸರನ್ನೂ ಬರೆದುಕೊಟ್ಟೆ. ಕೇಸು ಇನ್ನೂ ನಡೆಯುತ್ತಿದೆ. ಕರೆದ ದಿನ ಕೋರ್ಟಿಗೆ ಹೋಗುತ್ತೇನೆ, ಕೋಳಿ ಅಂಗಡಿಯವನೂ ಬಂದಿರುತ್ತಾನೆ. ಕುಕ್ಕರ್ ರಿಪೇರಿಯವನು ಬದುಕಿದ. ಬಲಗಿವಿ ಕೇಳಿಸುವುದಿಲ್ಲ.

ಹೊಳೆಯ ಸುದ್ದಿ ನಿಲ್ಲಿಸುವ ಹಾಗಿರಲಿಲ್ಲ. ಪ್ರೋಗ್ರಾಮು ತಿದ್ದಿದೆ. ಈಗ ಮೆಸೇಜು ನನ್ನ ಹತ್ತಿರ ಬಂದು ನಿಲ್ಲುತ್ತದೆ. ನಾನು ಕೊನೆಯವರೆಗೂ ಗಟ್ಟಿಯಾಗಿ ಓದಿ, ಓದಿದವರು ಅನ್ನುವ ಕಡೆ ನನ್ನ ಹೆಸರು ಹೊಡೆದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಮೇಷ್ಟ್ರಿಗೆ ತೋರಿಸಿದಾಗ ಅವರು ಹೊಗಳಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಕಳಿಸಿದರೆ ಏನಾಗುತ್ತದೆ ಅಂತ ಕೇಳಿದರು. ಹೋಗುವುದಿಲ್ಲ ಅಂದೆ. ಅವರೇ ಒಂದು ಸಲ ಒತ್ತಿ ನೋಡಿ, ಹೋಗಲಿಲ್ಲ ಅಂತ ಖಾತ್ರಿ ಮಾಡಿಕೊಂಡರು.

ತಲೆಯ ಏಟು ಪೂರ್ತಿ ವಾಸಿಯಾಗಲೇ ಇಲ್ಲ. ಅಕ್ಷರ ತೇಲಾಡುತ್ತವೆ ಅನ್ನುತ್ತಿದ್ದರು, ಪರದೆಯ ಮುಂದೆ ಕೂರುವುದು ಬಿಟ್ಟರು. ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ ನಾನು ಒಲೆಯ ಮೇಲೆ ಚಟ್ನಿಗೆ ಮೆಣಸಿನಕಾಯಿ ಹುರಿಯುತ್ತಿದ್ದಾಗ ಫೋನು ಗುಣುಗಿತು. ಅವರ ಮಗಳು ಕಳಿಸಿದ್ದು, ಎಲ್ಲಾ ಊರಿಗೂ ಮುಟ್ಟಿಸಿ ಅಂತ.

ಮೊದಲ ಸಾಲು ಕಂಡಾಗಲೇ ಕಳಿಸಿಬಿಡೋಣ ಅನ್ನಿಸಿತು. ಮುಂದೆ ಓದುವ ಧೈರ್ಯ ಇರಲಿಲ್ಲ. ಒಲೆ ಆರಿಸಿ ಎದ್ದು ನಿಂತುಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ, ಗಟ್ಟಿಯಾಗಿ ಓದಿದೆ. “ನಮ್ಮಪ್ಪ ಬೆಳಿಗ್ಗೆ ಆರಕ್ಕೆ ತೀರಿಕೊಂಡರು. ಅವರ ಹತ್ತಿರ ಓದಿದವರೆಲ್ಲ ಬನ್ನಿ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ತೋಟದಲ್ಲಿ ಮಣ್ಣು.” ಒಂದಕ್ಷರವನ್ನೂ ಬಿಡಲಿಲ್ಲ. ಆಮೇಲೆ ಓದಿದವರು ಅನ್ನುವ ಕಡೆ ನನ್ನ ಹೆಸರು ಬರೆದು ಕಳಿಸಿದೆ.