ಕಾಕಾ ಕೊಟ್ಟ ಬನ್ನಿ

ದೆವ್ವ ಕಂಡಿತು, ಮಾಟ ಆಯಿತು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ನಡೆಸುವವನಿಗೆ ಅದಕ್ಕೆಲ್ಲ ಪುರಸೊತ್ತಾದರೂ ಎಲ್ಲಿದೆ? ಆದ್ದರಿಂದ ಇದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನನ್ನ ಕಾಕಾ, ಎಂದರೆ ಅಪ್ಪನ ತಮ್ಮ, ಭೌತವಿಜ್ಞಾನಿ. ಅಣುಬಾಂಬ್ ಮಾಡುವ ಸರ್ಕಾರಿ ಪ್ರಯೋಗಾಲಯದಲ್ಲಿ ದುಡಿದು, ನಿವೃತ್ತರಾಗಿ, ದೇಶಪಾಂಡೆ ನಗರದ ನಮ್ಮ ಮನೆಗೆ ಬಂದು ಉಳಿದವರು. ಊರವರು ಅವರಿಗೆ ಶಾಲು ಹೊದಿಸಿದ್ದೇ ಹೊದಿಸಿದ್ದು. ನನಗೆ ಮಾತ್ರ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದಿಡೀ ಊರನ್ನು ಮಕ್ಕಳುಮರಿ ಸಮೇತ ಸುಡುವ ವಸ್ತುವನ್ನು ಮಾಡಿಟ್ಟು ಬಂದವರು, ಮಧ್ಯಾಹ್ನ ಉಂಡು ಅಷ್ಟು ನಿಶ್ಚಿಂತೆಯಿಂದ ಗೊರಕೆ ಹೊಡೆಯುವುದಾದರೂ ಹೇಗೆ? ಸಾಲದ್ದಕ್ಕೆ ನನ್ನ ಮಗಳು ಎಂ.ಎಸ್ಸಿ. ಮುಗಿಸಿ ಅದೇ ಪ್ರಯೋಗಾಲಯಕ್ಕೆ ಆಯ್ಕೆಯಾಗಿದ್ದಳು. ದಸರೆ ಮುಗಿಸಿ ಹೊರಡುವವಳಿದ್ದಳು. ಅವಳನ್ನು ಹೇಗಾದರೂ ತಡೆಯಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅಂಗಡಿಯ ಕತ್ತರಿ, ಗಜಕಡ್ಡಿಗಳನ್ನು ಪೂಜೆಗಿಟ್ಟು, ಬೇಕೆಂದೇ ಕೆಣಕಿದೆ. “ಕಾಕಾ, ನಿಮ್ಮ ಆಯುಧಾನೂ ತಂದ ಇಡ್ರಿ.”

“ನಾ ಬರೇ ಲೆಕ್ಕಾ ಮಾಡಿದಾಂವ, ತಮ್ಮಾ. ಬಾಂಬ್ ಒಗಿಯೋರು ಬ್ಯಾರೆ ಇರ್ತಾರ.”

“ನಿಮ್ಮ ಲೆಕ್ಕಾ ಇಲ್ಲಂದ್ರ ಅವ್ರು ಏನ್ ಒಗೀತಿದ್ರಿ? ಕಲ್ಲು?”

ಕಾಕಾ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಮಗಳು ನನ್ನನ್ನು ದುರುಗುಟ್ಟಿ ನೋಡಿ ಎದ್ದು ಒಳಗೆ ಹೋದಳು.

ಮರುದಿನ ಸಂಜೆ ಬನ್ನಿ ಹಂಚುವ ಹೊತ್ತು. ಚಿಕ್ಕವರು ದೊಡ್ಡವರಿಗೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಕಾಲಿಗೆ ಬೀಳುತ್ತಾರೆ, ದೊಡ್ಡವರು ತಿರುಗಿ ಎಲೆ ಕೊಟ್ಟು ಹರಸುತ್ತಾರೆ. ಕಾಕಾ ಎಷ್ಟೋ ವರ್ಷಗಳಿಂದ ಬನ್ನಿ ತೆಗೆದುಕೊಳ್ಳುತ್ತಿದ್ದರೇ ಹೊರತು ಯಾರಿಗೂ ಕೊಡುತ್ತಿರಲಿಲ್ಲ. ಓದಿದವರ ಸೊಕ್ಕು ಎಂದುಕೊಂಡಿದ್ದೆ. ಆ ಸಲ ಮಗಳು ಬಿಡಲಿಲ್ಲ.

“ಅಜ್ಜಾ, ಈ ಸಲ ಕೊಡಾಕ ಬೇಕ ನೋಡ್ರಿ. ನಿಮ್ಮ ಕೆಲಸಕ್ಕ ಹೊಂಟೇನಿ.”

ಕಾಕಾ ನನ್ನ ಮುಖ ನೋಡಿದರು. ತಟ್ಟೆಯೊಳಗಿನ ಒಂದಿಷ್ಟು ಎಲೆ ತೆಗೆದು ಅವಳ ಅಂಗೈಯಲ್ಲಿಟ್ಟರು.

ನಾನು ಪಕ್ಕದಲ್ಲೇ ಇದ್ದೆ. ಟ್ಯೂಬ್‌ಲೈಟಿನ ಬೆಳಕು ಚೆನ್ನಾಗಿತ್ತು. ಅವಳ ಅಂಗೈ ಮುಟ್ಟಿದ ಕೂಡಲೇ ಎಲೆಗಳು ಬೂದಿಯಾದವು. ಹೊಗೆಯಿಲ್ಲ, ವಾಸನೆಯಿಲ್ಲ. ಎಲೆಯ ಆಕಾರ ಹಾಗೇ ಇತ್ತು, ಬಣ್ಣ ಮಾತ್ರ ವಿಭೂತಿಯಂತೆ ಬೆಳ್ಳಗೆ.

“ಲಗೂ ಕೈ ಝಾಡ್ಸು!” ಎಂದು ಚೀರಿದೆ.

“ಏನಾತಪ್ಪಾ? ಹಸರ ಎಲಿ ಅದಾವಲ್ಲ,” ಎಂದು ಮಗಳು ನಕ್ಕಳು. ಅವನ್ನು ಹಣೆಗೊತ್ತಿಕೊಂಡು ಒಳಗೆ ಹೋದಳು. ಅವಳ ಹಣೆಗೆ ಬೂದಿ ಅಂಟಿತ್ತು.

ಕಾಕಾ ನನ್ನ ತೋಳು ಹಿಡಿದುಕೊಂಡರು. “ನಿನಗೂ ಕಂಡತೇನು?”

ಅಷ್ಟು ವರ್ಷ ಯಾರಿಗೂ ಬನ್ನಿ ಕೊಡದಿದ್ದುದು ಇದಕ್ಕೆ ಎಂದು ಆಗ ತಿಳಿಯಿತು. “ಮತ್ತ ಆಕಿಗೆ ಯಾಕ ಹೇಳಲಿಲ್ರಿ?” ಎಂದೆ.

“ಏನಂತ ಹೇಳ್ಲಿ?”

ನಾನು ಅವರ ಕೈ ಕೊಡವಿಕೊಂಡೆ. ಕಂಡೂ ಬಾಯಿ ಮುಚ್ಚಿಕೊಂಡಿದ್ದ ಆ ಮನುಷ್ಯನ ಮೇಲಿನ ಸಿಟ್ಟು ಅವರು ತೀರಿಕೊಂಡ ಮೇಲೂ ಇಳಿದಿಲ್ಲ.

ನಾನಂತೂ ಮಗಳಿಗೆ ಹೇಳಿದೆ. ಅವಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು, ದೋಷವೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಲಸಕ್ಕೆ ಹೋದಳು. ನಾನು ಕಂಡದ್ದೇನೆಂದು ಇವತ್ತಿಗೂ ತಿಳಿದಿಲ್ಲ.

ಹೋದ ದಸರೆಗೆ ರಜೆ ಹಾಕಿ ಬಂದಿದ್ದಳು. “ಬಂಗಾರಧಂಗ ಇರೂಣಪ್ಪಾ,” ಎಂದು ನನ್ನ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ನಾನು ನೋಡದೆ ಮುಷ್ಟಿ ಕಟ್ಟಿ, ಹಾಗೇ ಅಂಗಿಯ ಕಿಸೆಯೊಳಗೆ ಬಿಟ್ಟುಕೊಂಡೆ. ಆ ಅಂಗಿಯನ್ನು ಇನ್ನೂ ತೊಳೆಯಲು ಕೊಟ್ಟಿಲ್ಲ.